ತೊಡೆನೋವಿಗೆ ಲ್ಯಾಕ್ಟಿಕ್ ಆಸಿಡ್ ಕಾರಣ ಅಲ್ಲ

ಮಂಗಳೂರಿನ ಯಾವ ಜಿಮ್‌ಗೆ ಬೇಕಾದರೂ ಹೋಗಿ, "ಮೊನ್ನೆ ಬಸ್ಕಿ ಹೊಡೆದದ್ದು, ಇವತ್ತು ಕೂತರೆ ಏಳ್ಲಿಕ್ಕೇ ಆಗುವುದಿಲ್ಲ ಮಾರ್ರೆ" ಅಂತ ಹೇಳಿ ನೋಡಿ. ಉತ್ತರ ರೆಡಿ ಇರುತ್ತದೆ. ಲ್ಯಾಕ್ಟಿಕ್ ಆಸಿಡ್ ತುಂಬಿಕೊಂಡಿದೆ, ಎಣ್ಣೆ ಹಚ್ಚಿ ತಿಕ್ಕಿದರೆ ಇಳಿದು ಹೋಗುತ್ತದೆ. ಇದನ್ನು ಟ್ರೈನರ್ ಹೇಳುತ್ತಾರೆ, ಪಿಟಿ ಮಾಸ್ಟ್ರು ಹೇಳುತ್ತಾರೆ, ಮೊಬೈಲಿನಲ್ಲಿ ವಿಡಿಯೊ ಮಾಡುವವರೂ ಹೇಳುತ್ತಾರೆ. ಎಷ್ಟು ಜನ ಹೇಳಿದರೂ ಇದು ತಪ್ಪು. ತಪ್ಪು ಅಂತ ಗೊತ್ತಾಗಿ ದಶಕಗಳೇ ಆದವು.

ಜೋರಾಗಿ ಓಡುವಾಗ ಸ್ನಾಯು ಸಕ್ಕರೆಯನ್ನು ಬೇಗ ಬೇಗ ಒಡೆಯುತ್ತದೆ, ಆಗ ಲ್ಯಾಕ್ಟೇಟ್, ಅಂದರೆ ಲ್ಯಾಕ್ಟಿಕ್ ಆಸಿಡ್ ನಮ್ಮ ಮೈಯಲ್ಲಿ ಇರುವ ರೂಪ, ಹುಟ್ಟುತ್ತದೆ. ಅಲ್ಲಿಯವರೆಗೆ ಸರಿ. ಆದರೆ ಅದು ಕಸ ಅಲ್ಲ, ಇಂಧನ. ಹೃದಯ ಅದನ್ನು ಉರಿಸಿ ಕೆಲಸ ಮಾಡುತ್ತದೆ. ಲಿವರ್ ಅದನ್ನು ಮತ್ತೆ ಗ್ಲೂಕೋಸ್ ಮಾಡುತ್ತದೆ. ಓಟ ನಿಲ್ಲಿಸಿ ಹೆಚ್ಚುಕಡಿಮೆ ಒಂದು ಗಂಟೆಯಲ್ಲಿ ರಕ್ತದ ಲ್ಯಾಕ್ಟೇಟ್ ಮೊದಲಿನ ಮಟ್ಟಕ್ಕೆ ಬಂದಿರುತ್ತದೆ. ನೋವು ಶುರುವಾಗುವುದು ಮರುದಿನ, ಜೋರಾಗುವುದು ಎರಡನೇ ಮೂರನೇ ದಿನ. ಸೋಮವಾರ ಸಂಜೆಯೇ ಖಾಲಿಯಾದದ್ದು ಬುಧವಾರ ಹೇಗೆ ನೋಯಿಸುತ್ತದೆ?

ಈ ನಂಬಿಕೆಗೆ ದೊಡ್ಡ ಚರಿತ್ರೆ ಇದೆ. 1780ರಲ್ಲಿ ಸ್ವೀಡನ್ನಿನ ಕಾರ್ಲ್ ಶೀಲೆ ಹುಳಿಯಾದ ಹಾಲಿನಲ್ಲಿ ಲ್ಯಾಕ್ಟಿಕ್ ಆಸಿಡ್ ಕಂಡುಹಿಡಿದರು. ಮುಂದೆ ಬರ್ಜೀಲಿಯಸ್ ಅದನ್ನು ಸ್ನಾಯುವಿನಲ್ಲೂ ಕಂಡರು. 1907ರಲ್ಲಿ ಕೇಂಬ್ರಿಡ್ಜಿನ ಫ್ಲೆಚರ್ ಮತ್ತು ಹಾಪ್ಕಿನ್ಸ್ ಕಪ್ಪೆಯ ಸ್ನಾಯುವನ್ನು ಕತ್ತರಿಸಿ ತೆಗೆದು, ಅದು ಸುಸ್ತಾಗುವಷ್ಟು ದುಡಿಸಿದರೆ ಲ್ಯಾಕ್ಟಿಕ್ ಆಸಿಡ್ ಏರುತ್ತದೆ ಅಂತ ತೋರಿಸಿದರು. ಕತ್ತರಿಸಿದ ಸ್ನಾಯುವಿಗೆ ರಕ್ತದ ಹರಿವು ಎಲ್ಲಿದೆ? ಹುಟ್ಟಿದ್ದು ಹೋಗಲಿಕ್ಕೆ ದಾರಿ ಇಲ್ಲ. ಹಿಲ್ ಮತ್ತು ಮೈಯರ್‌ಹಾಫ್ ಅವರಿಗೆ 1922ರ ನೊಬೆಲ್ ಬಂದದ್ದು ಕೂಡ ಇದೇ ಹಾದಿಯ ಕೆಲಸಕ್ಕೆ. ಸುಸ್ತು ಅಂದರೆ ಲ್ಯಾಕ್ಟಿಕ್ ಆಸಿಡ್ ಅನ್ನುವುದು ಜನರ ತಲೆಯಲ್ಲಿ ಗಟ್ಟಿಯಾಗಿ ಕೂತಿತು. ಸುಸ್ತಿನ ಜೊತೆಗೆ ನೋವನ್ನೂ ಅದರ ತಲೆಗೆ ಕಟ್ಟಿದರು. ನನಗೆ ಬೇಜಾರಾಗುವುದು ಎಲ್ಲಿ ಅಂದರೆ, ಕಪ್ಪೆಯ ಪ್ರಯೋಗಕ್ಕೂ ಐದು ವರ್ಷ ಮೊದಲೇ, 1902ರಲ್ಲಿ, ಅಮೆರಿಕದ ಥಿಯೊಡೋರ್ ಹಫ್ ಈ ತಡವಾದ ನೋವಿಗೆ ಸ್ನಾಯುವಿನ ಒಳಗೆ ಆಗುವ ಸಣ್ಣ ಸೀಳು ಕಾರಣ ಅಂತ ಬರೆದಿದ್ದರು. ಅವರ ಮಾತು ನಮ್ಮ ಜಿಮ್‌ಗಳಿಗೆ ಇನ್ನೂ ಮುಟ್ಟಿಲ್ಲ.

ಹಾಗಾದರೆ ಆ ಸೀಳು ಆಗುವುದು ಯಾವಾಗ? ಗಡಾಯಿಕಲ್ಲು ಹತ್ತಿ ಇಳಿದವರಿಗೆ ಇದರ ಉತ್ತರ ತೊಡೆಯಲ್ಲೇ ಇದೆ. ಬೆಳ್ತಂಗಡಿಯ ಆ ಬಂಡೆಗೆ 1,800ಕ್ಕೂ ಹೆಚ್ಚು ಮೆಟ್ಟಿಲು. ಹತ್ತುವಾಗ ಏದುಸಿರು, ಎದೆ ಡಬಡಬ, ಲ್ಯಾಕ್ಟೇಟ್ ಏರುವುದೂ ಆಗಲೇ. ಇಳಿಯುವಾಗ ಆರಾಮಾಗಿ ಮಾತಾಡಿಕೊಂಡು ಬರುತ್ತೇವೆ, ಅಲ್ವಾ? ಮೂರು ದಿನ ಕಾಡುವ ತೊಡೆನೋವು ಹೆಚ್ಚಾಗಿ ಆ ಆರಾಮದ ಇಳಿತದ್ದು!

ಮೆಟ್ಟಿಲು ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಗಿಡ್ಡವಾಗುತ್ತಾ ಎಳೆಯುತ್ತದೆ. ಇಳಿಯುವಾಗಲೂ ಅದು ಎಳೆಯುತ್ತಲೇ ಇರುತ್ತದೆ, ಇಲ್ಲದಿದ್ದರೆ ಮೊಣಕಾಲು ಮಡಚಿ ಬಿದ್ದೇ ಹೋಗುತ್ತೇವೆ, ಆದರೆ ಮೈಭಾರ ಅದನ್ನು ಮೀರಿ ಉದ್ದಕ್ಕೆ ಹಿಗ್ಗಿಸುತ್ತಿರುತ್ತದೆ. ಅಷ್ಟಮಿಗೆ ಮೊಸರುಕುಡಿಕೆಯ ದಿನ ಹಗ್ಗಜಗ್ಗಾಟ ನೋಡಿರುತ್ತೀರಿ. ಗೆಲ್ಲುವ ತಂಡ ಒಂದೊಂದೇ ಹಿಡಿ ಎಳೆದುಕೊಳ್ಳುತ್ತಾ ಹಿಂದೆ ಹೋಗುತ್ತದೆ. ಸೋಲುವ ತಂಡವೂ ಬಿಡುವುದಿಲ್ಲ, ಎಳೆಯುತ್ತಲೇ ಮುಂದಕ್ಕೆ ಜಾರುತ್ತದೆ, ಅವರ ಅಂಗೈಯೊಳಗೆ ಹಗ್ಗ ಉಜ್ಜಿಕೊಂಡು ಹೋಗುತ್ತದೆ. ಸ್ನಾಯುವಿನ ಎಳೆಯೊಳಗೆ ಮಯೋಸಿನ್ ಅನ್ನುವ ಪ್ರೋಟೀನಿನ ಸಾವಿರಾರು ಸಣ್ಣ ಕೈಗಳು ಆಕ್ಟಿನ್ ಅನ್ನುವ ಹಗ್ಗವನ್ನು ಹಿಡಿದಿರುತ್ತವೆ. ಇಳಿಯುವಾಗ ಅವು ಸೋಲುವ ತಂಡ. ಹಿಡಿದ ಕೈಯನ್ನು ಬಲವಂತದಿಂದ ಬಿಡಿಸಿದ ಹಾಗೆ ಆಗುತ್ತದೆ. ಅದೂ ಅಲ್ಲದೆ, ಅದೇ ಭಾರ ಇಳಿಸಲಿಕ್ಕೆ ದೇಹ ಕಡಿಮೆ ಎಳೆಗಳನ್ನು ಕೆಲಸಕ್ಕೆ ಕರೆಯುತ್ತದೆ, ಹಾಗಾಗಿ ಒಂದೊಂದು ಎಳೆಯ ಮೇಲೆ ಬೀಳುವ ಭಾರ ಜಾಸ್ತಿ. ಕೆಲವು ಕಡೆ ಕಟ್ಟು ತಪ್ಪುತ್ತದೆ. ರಿಪೇರಿ ಕೆಲಸ ಶುರುವಾಗುತ್ತದೆ, ಸುತ್ತಲಿನ ನರದ ತುದಿಗಳು ಸೂಕ್ಷ್ಮವಾಗುತ್ತವೆ, ಮುಟ್ಟಿದರೂ ನೋವು. ಇದಕ್ಕೆಲ್ಲ ಟೈಮ್ ಬೇಕು, ಅದಕ್ಕೇ ನೋವು ತಡವಾಗಿ ಬರುವುದು.

ಇಳಿಯುವ ಕೆಲಸ ಎಷ್ಟು ಅಗ್ಗ ಅಂತ ತೋರಿಸಿದ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. 1952ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಎರಡು ಸೈಕಲ್‌ಗಳನ್ನು ಬೆನ್ನಿಗೆ ಬೆನ್ನು ಮಾಡಿ ಒಂದೇ ಚೈನಿನಲ್ಲಿ ಜೋಡಿಸಿದರು. ಒಬ್ಬ ಗಂಡಸು ಮುಂದಕ್ಕೆ ಪೆಡಲ್ ತುಳಿದ. ಇನ್ನೊಂದರಲ್ಲಿ ಸಣ್ಣ ಮೈಕಟ್ಟಿನ ಹೆಂಗಸು ಆ ತುಳಿತವನ್ನು ತಡೆಯುತ್ತಾ ಕೂತರು. ಇಬ್ಬರದೂ ಒಂದೇ ಬಲ. ಸ್ವಲ್ಪ ಹೊತ್ತಿಗೆ ಗಂಡಸು ಸುಸ್ತು, ಆಕೆಗೆ ಏನೂ ಆಗಲಿಲ್ಲ. ಹಿಗ್ಗುತ್ತಾ ತಡೆಯುವ ಸ್ನಾಯುವಿಗೆ ಅಷ್ಟು ಕಡಿಮೆ ಆಮ್ಲಜನಕ ಸಾಕು.

1983ರಲ್ಲಿ ಇನ್ನೂ ನೇರ ಸಾಕ್ಷಿ ಸಿಕ್ಕಿತು. ಟ್ರೆಡ್‌ಮಿಲ್ ಮೇಲೆ ಕೆಲವರನ್ನು ಸಮತಟ್ಟಿನಲ್ಲಿ, ಕೆಲವರನ್ನು ಇಳಿಜಾರಿನಲ್ಲಿ ಓಡಿಸಿ ರಕ್ತ ಪರೀಕ್ಷಿಸಿದರು. ಸಮತಟ್ಟಿನವರಿಗೆ ಲ್ಯಾಕ್ಟೇಟ್ ಏರಿತು, ನೋವು ಬರಲಿಲ್ಲ. ಇಳಿಜಾರಿನವರಿಗೆ ಲ್ಯಾಕ್ಟೇಟ್ ಏರಲಿಲ್ಲ, ನೋವು ಬಂತು. ಇದಕ್ಕಿಂತ ಸ್ಪಷ್ಟವಾಗಿ ಇನ್ನೇನು ಬೇಕು?

ಇದನ್ನು ಇಷ್ಟು ಹಟ ಹಿಡಿದು ಬರೆಯಲಿಕ್ಕೆ ಕಾರಣ ಇದೆ. ಜನ ನೋವನ್ನು ವ್ಯಾಯಾಮದ ಅಳತೆಗೋಲು ಮಾಡಿಕೊಂಡಿದ್ದಾರೆ. ನೋವಾಗದಿದ್ದರೆ ವರ್ಕೌಟ್ ಆಗಲೇ ಇಲ್ಲ ಅನ್ನುತ್ತಾರೆ. ಆದರೆ ಒಮ್ಮೆ ಈ ನೋವು ತಿಂದ ಸ್ನಾಯು ಅದೇ ಕೆಲಸವನ್ನು ಎರಡನೇ ಸಲ ಮಾಡಿದಾಗ ತುಂಬಾ ಕಡಿಮೆ ನೋಯುತ್ತದೆ, ಆ ರಕ್ಷಣೆ ವಾರಗಟ್ಟಲೆ ಉಳಿಯುತ್ತದೆ. ಯಕ್ಷಗಾನದ ಕಲಾವಿದರು ಹಾರಿ ಹಾರಿ ನೆಲಕ್ಕೆ ಇಳಿಯುವ ಒಂದೊಂದು ಹೆಜ್ಜೆಯೂ ತೊಡೆಗೆ ಇದೇ ಹಿಗ್ಗುವ ಕೆಲಸ. ವರ್ಷದ ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚುವ ಹೊತ್ತಿಗೆ ಅವರ ತೊಡೆ ನೋಯುವುದಿಲ್ಲ ಅಂದರೆ ಅವರು ಆರು ತಿಂಗಳು ಸುಮ್ನೆ ಕುಣಿದರು ಅಂತ ಅರ್ಥವಾ? ದೇಹ ಒಗ್ಗಿಕೊಂಡಿದೆ, ಅಷ್ಟೇ. ಫಿಟ್ ಆಗುವುದು ಅಂದರೆ ಹೀಗೆ ಒಗ್ಗಿಸಿಕೊಂಡು, ಸ್ವಲ್ಪ ಸ್ವಲ್ಪವೇ ಭಾರ ಏರಿಸುವುದು.

ಎಣ್ಣೆ ತಿಕ್ಕಿದರೆ ಹಿತ ಅನ್ನಿಸುತ್ತದೆ, ತಿಕ್ಕಿ, ಬೇಡ ಅನ್ನುವುದಿಲ್ಲ. ನೋವಿದ್ದಾಗ ಹಗುರವಾಗಿ ನಡೆದಾಡಿದರೂ ತೊಂದರೆ ಇಲ್ಲ. ಆದರೆ ಮೊದಲ ದಿನವೇ ಹಟಕ್ಕೆ ಬಿದ್ದು ನೂರಾರು ಬಸ್ಕಿ ಹೊಡೆಯುವುದು ಅಪಾಯ. ಸ್ನಾಯು ವಿಪರೀತ ಒಡೆದರೆ ಅದರೊಳಗಿನ ಪ್ರೋಟೀನ್ ರಕ್ತಕ್ಕೆ ಸೇರಿ ಕಿಡ್ನಿಯನ್ನೇ ಕೆಡಿಸಬಹುದು. ನೋವು, ಬಾವಿನ ಜೊತೆ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಅದೇ ದಿನ ಡಾಕ್ಟರ್ ಹತ್ತಿರ ಹೋಗಿ.

ಇನ್ನು ಕುದುರೆಮುಖವೋ ಕುಮಾರಪರ್ವತವೋ ಹತ್ತುವ ಪ್ಲಾನ್ ಇದ್ದವರು ಹತ್ತುವುದನ್ನು ಮಾತ್ರ ಅಭ್ಯಾಸ ಮಾಡಿದರೆ ಸಾಲದು. ಒಂದೆರಡು ವಾರ ಮೊದಲೇ ಇಳಿಯುವುದನ್ನೂ ಅಭ್ಯಾಸ ಮಾಡಿ. ಫ್ಲ್ಯಾಟಿನಲ್ಲಿ ಇದ್ದರೆ ಲಿಫ್ಟಿನಲ್ಲಿ ಮೇಲೆ ಹೋಗಿ, ಮೆಟ್ಟಿಲಲ್ಲಿ ನಿಧಾನವಾಗಿ ಇಳಿದು ಬನ್ನಿ. ಮೊದಲ ದಿನ ಕೆಲವೇ ಮಹಡಿ ಸಾಕು.