ಮಾರ್ಬಲ್‌ಹೆಡ್ ಜಮೀನನ್ನು ಯಾಕೆ ಬಿಟ್ಟುಬಿಡ್ತೀರಿ?

'ರೋಜರ್ ವಿಲಿಯಮ್ಸ್ ಧಾರ್ಮಿಕ ಸ್ವಾತಂತ್ರ್ಯಕ್ಕಾಗಿ ಗಡಿಪಾರಾದನು.' ಅಮೆರಿಕ ಇತಿಹಾಸದ ಉತ್ತರಪತ್ರಿಕೆ ತಿದ್ದುವಾಗ ಪ್ರತಿ ವರ್ಷವೂ ಈ ವಾಕ್ಯ ಸಿಗುತ್ತದೆ. ತಪ್ಪೇನಲ್ಲ, ಅರ್ಧ ಮಾರ್ಕ್ಸ್ ಕೊಡುತ್ತೇನೆ. ಉಳಿದರ್ಧ ಜಮೀನಿನಲ್ಲಿದೆ. ಅದನ್ನು ಯಾರೂ ಬರೆಯುವುದೇ ಇಲ್ಲ!

ವಿಲಿಯಮ್ಸ್ ಇಂಗ್ಲೆಂಡಿನಿಂದ ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿಗೆ ಬಂದ ಪಾದ್ರಿ. ಆ ವಸಾಹತು ಕಟ್ಟಿದ ಪ್ಯೂರಿಟನ್ನರು, ಅಂದರೆ ಇಂಗ್ಲೆಂಡಿನ ಕಟ್ಟಾ ಸುಧಾರಣಾವಾದಿ ಪ್ರೊಟೆಸ್ಟಂಟರು, ಯಾಕೆ ಬಂದರು ಅಂತ ಇಲ್ಲಿ ಹೇಳುತ್ತಾ ಕೂರುವುದಿಲ್ಲ. ವಿಲಿಯಮ್ಸ್ ಹೇಳಿದ್ದನ್ನು ಮಾತ್ರ ನೋಡಿ. ಇಂಗ್ಲೆಂಡ್ ರಾಜನ ಸನ್ನದಿನಿಂದ ನಮಗೆ ಈ ನೆಲ ಬಂದಿಲ್ಲ. ಇದರ ನಿಜವಾದ ಒಡೆಯರು ಇಲ್ಲಿನ ಮೂಲನಿವಾಸಿಗಳು. ಸನ್ನದು ತೋರಿಸಿ ನೆಲ ಪಡೆದದ್ದಕ್ಕೆ ನಾವು ಪಶ್ಚಾತ್ತಾಪ ಪಡಬೇಕು. ಪಶ್ಚಾತ್ತಾಪ ಅಂದ, ಗಮನಿಸಿ. ಹಕ್ಕುಪತ್ರದ ದೋಷವನ್ನು ಆತ ಪಾಪದ ಲೆಕ್ಕಕ್ಕೆ ಸೇರಿಸಿದ. ದೊರೆ ಚಾರ್ಲ್ಸ್ ಕೊಟ್ಟ 1629ರ ಸನ್ನದನ್ನು ನಂಬಿ ಮನೆ, ಹೊಲ ಮಾಡಿಕೊಂಡವರಿಗೆ ಹೊಟ್ಟೆಯಲ್ಲಿ ಎಷ್ಟು ಉರಿ ಎದ್ದಿರಬೇಡ? ಸರ್ಕಾರ ಮನಸ್ಸಾಕ್ಷಿಯ ವಿಷಯಕ್ಕೆ ಕೈಹಾಕಬಾರದು ಅಂತಲೂ ಆತ ಸಾರುತ್ತಿದ್ದ. 1635ರ ಅಕ್ಟೋಬರಿನ ಗಡಿಪಾರಿಗೆ ಯಾವುದು ಎಷ್ಟು ಕಾರಣ ಅನ್ನೋದರಲ್ಲಿ ವಿದ್ವಾಂಸರಿಗೆ ಒಮ್ಮತ ಇಲ್ಲ, ನಾನೂ ತೀರ್ಪು ಕೊಡುವುದಿಲ್ಲ. ಆದರೆ ತನ್ನ ಮೇಲಿನ ಆರೋಪಗಳನ್ನು ವಿಲಿಯಮ್ಸ್ ಪಟ್ಟಿ ಮಾಡಿದಾಗ ಮೊದಲು ಬರೆದದ್ದು ಜಮೀನಿನ ಮಾತನ್ನೇ.

ಅದೇ ವರ್ಷ ಸೇಲಂ ಊರಿನವರು ಮಾರ್ಬಲ್‌ಹೆಡ್ ನೆಕ್ ಎಂಬ ಜಾಗ ತಮ್ಮದೆಂದು ಅರ್ಜಿ ಹಾಕಿದ್ದರು. ಅವರ ಚರ್ಚು ವಿಲಿಯಮ್ಸ್‌ನನ್ನು ಬೋಧಕನಾಗಿ ಆರಿಸಿಕೊಂಡಿತ್ತು. ಸರಿ, ಅದೇ ಕಾರಣಕ್ಕೆ ವಸಾಹತಿನ ಆಡಳಿತ ಸಭೆಯಾದ ಜನರಲ್ ಕೋರ್ಟು ಅರ್ಜಿ ಪಕ್ಕಕ್ಕಿಟ್ಟಿತು. ಊರಿನ ಪ್ರತಿನಿಧಿಗಳನ್ನೂ ವಾಪಸ್ ಕಳಿಸಿತು. ಪಾದ್ರಿ ಬೇಕೋ, ಜಮೀನು ಬೇಕೋ? ಊರು ಕೊನೆಗೆ ಪಾದ್ರಿಯನ್ನು ಬಿಟ್ಟಿತು. ಧರ್ಮದ ಅಧ್ಯಾಯ ಬೇರೆ, ಭೂಮಿಯ ಅಧ್ಯಾಯ ಬೇರೆ ಅಂತ ಓದುವವರಿಗೆ ಇದು ಹೇಗೆ ಅರ್ಥವಾಗಬೇಕು?

ಮುಂದೆ ವಿಲಿಯಮ್ಸ್ ಪ್ರಾವಿಡೆನ್ಸ್ ಊರು ಕಟ್ಟಿದ. ನ್ಯಾರಗ್ಯಾನ್ಸೆಟ್ ಎಂಬ ಮೂಲನಿವಾಸಿ ಬುಡಕಟ್ಟಿನ ಮುಖಂಡರಿಂದಲೇ ನೆಲ ಪಡೆದ. 1638ರ ಪತ್ರಕ್ಕೆ ಆ ಮುಖಂಡರಲ್ಲಿ ಕನಾನಿಕಸ್ ಬಿಲ್ಲಿನ ಗುರುತು ಹಾಕಿದ, ಮಿಯಾಂಟನೋಮಿ ಬಾಣದ ಗುರುತು. ಅಲ್ಲಿಗೆ ಜಗಳ ಮುಗಿಯಿತಾ? ಎಲ್ಲಿಂದ! ನದಿಯ ಮೇಲ್ದಂಡೆಗೆ, ಎಲ್ಲೆಯಿಲ್ಲದೆ, ದನಗಳ ಬಳಕೆಗೆ ಅಂತ ಪತ್ರದಲ್ಲಿ ಒಂದು ಮಾತು ಸೇರಿತ್ತು. ವಿಲಿಯಂ ಹ್ಯಾರಿಸ್ ಎಂಬ ಜೊತೆಗಾರ ಅದನ್ನೇ ಹಿಡಿದು ಅಷ್ಟೂ ನೆಲ ನಮ್ಮದು ಅಂದ. ವಿಲಿಯಮ್ಸ್ ಒಪ್ಪಲಿಲ್ಲ. ಹ್ಯಾರಿಸ್ ವ್ಯಾಜ್ಯ ಹೊತ್ತು ಇಂಗ್ಲೆಂಡಿಗೆ ಅಲೆದ. ಕೊನೆಯ ಸಲ ಹೋಗುವಾಗ ಕಡಲ್ಗಳ್ಳರ ಕೈಗೆ ಸಿಕ್ಕಿ ಅಲ್ಜಿಯರ್ಸ್‌ನಲ್ಲಿ ಗುಲಾಮನಾದ. ಹಣ ಕೊಟ್ಟು ಬಿಡಿಸಿಕೊಂಡದ್ದೇನೋ ಹೌದು, ಆದರೆ ಲಂಡನ್ನಿನಲ್ಲೇ ಸತ್ತ.

ಇದನ್ನು ಹೇಳುವಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದ. "ಸರ್, ಗೋಮಾಳಕ್ಕೆ ಪಹಣಿ ಕೇಳಿದ ಹಾಗಾಯ್ತಲ್ವಾ?" ಇಡೀ ತರಗತಿ ನಕ್ಕಿತು. ಅವನಷ್ಟು ಸರಿಯಾಗಿ ನನಗೂ ಹೇಳಲು ಬಂದಿರಲಿಲ್ಲ.

ಪರೀಕ್ಷೆಯಲ್ಲಿ ಮಾತ್ರ ಅವನೂ ಆ ಹಳೇ ವಾಕ್ಯವನ್ನೇ ಬರೆದಿದ್ದ.