ಮೊಣಕೈ ಹಿಡಿದು ಕಲಿಯೋಣ: ಮೂಳೆ, ಕೀಲು, ಸ್ನಾಯು, ನರ

ಮೂಳೆ, ಕೀಲು, ಸ್ನಾಯು, ನರ ಎಂದು ಪುಸ್ತಕಗಳಲ್ಲಿ ನಾಲ್ಕು ಬೇರೆಬೇರೆ ಅಧ್ಯಾಯಗಳಿರುತ್ತವೆ. ನಾನೂ ಮೊದಲು ಹಾಗೇ ಓದಿದೆ. ಹೆಸರುಗಳೆಲ್ಲ ಬಾಯಿಪಾಠವಾದವು, ಆದರೆ ಕೈ ಮಡಚುವುದು ಹೇಗೆ ಎಂದು ಯಾರಾದರೂ ಕೇಳಿದರೆ ಉತ್ತರ ಹೊರಡುತ್ತಿರಲಿಲ್ಲ. ಈಗ ಒಂದೇ ಕೀಲನ್ನು ಹಿಡಿದು ನಾಲ್ಕನ್ನೂ ಓದುತ್ತೇನೆ. ಅದಕ್ಕೆ ಮೊಣಕೈ ಹೇಳಿ ಮಾಡಿಸಿದಂತಿದೆ. ಮುಖ್ಯವಾದ ಗುರುತುಗಳೆಲ್ಲ ಚರ್ಮದ ಕೆಳಗೇ ಬೆರಳಿಗೆ ಸಿಗುತ್ತವೆ.

ಬಲಗೈ ಮಡಚಿ, ಎಡಗೈ ಬೆರಳುಗಳಿಂದ ಮೊಣಕೈಯ ಹಿಂಭಾಗ ಮುಟ್ಟಿ ನೋಡಿ. ಮೂರು ಗಂಟುಗಳು ಸಿಗುತ್ತವೆ. ನಡುವಿನದು ಮುಂಗೈಯ ಎರಡು ಮೂಳೆಗಳಲ್ಲಿ ಕಿರುಬೆರಳಿನ ಕಡೆಯದಾದ ಅಲ್ನಾ ಮೂಳೆಯ ಮೇಲ್ತುದಿ, ಓಲೆಕ್ರನಾನ್. ಅಕ್ಕಪಕ್ಕದವು ತೋಳಿನ ಮೂಳೆಯಾದ ಹ್ಯೂಮರಸ್‌ನ ಕೆಳತುದಿಯ ಎರಡು ಉಬ್ಬುಗಳು, ಎಪಿಕಾಂಡೈಲ್‌ಗಳು. ಕೈ ಮಡಚಿದಾಗ ಮೂರೂ ಸೇರಿ ತ್ರಿಕೋನ, ನೀಟಿದಾಗ ಒಂದೇ ಗೆರೆ. ಕೀಲು ತಪ್ಪಿದರೆ ಈ ಹೊಂದಾಣಿಕೆ ಕೆಡುತ್ತದೆ; ಹ್ಯೂಮರಸ್ ಎಪಿಕಾಂಡೈಲ್‌ಗಳಿಗಿಂತ ಮೇಲೆ ಮುರಿದಿದ್ದರೆ ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ.

ಮೊಣಕೈಯನ್ನು ಬಿಜಾಗರಿ ಕೀಲು ಎಂದಷ್ಟೇ ಬರೆದು ಮುಂದೆ ಹೋಗುವವರೇ ಹೆಚ್ಚು. ಅದು ಅರ್ಧ ಉತ್ತರ. ಹ್ಯೂಮರಸ್ ಮತ್ತು ಅಲ್ನಾ ಸೇರುವಲ್ಲಿ ಬಿಜಾಗರಿ ನಿಜ, ಬಾಗಿಲಿನಂತೆ ಮಡಚುವುದು, ನೀಟುವುದು ಅಷ್ಟೇ. ಆದರೆ ಅದೇ ಕೀಲುಚೀಲದೊಳಗೆ ಮುಂಗೈಯ ಹೆಬ್ಬೆರಳಿನ ಕಡೆಯ ಮೂಳೆಯಾದ ರೇಡಿಯಸ್‌ನ ದುಂಡು ತಲೆ ಒಂದು ಅಸ್ಥಿರಜ್ಜುವಿನ (ಮೂಳೆಗಳನ್ನು ಕಟ್ಟಿಡುವ ಪಟ್ಟಿ) ಉಂಗುರದಲ್ಲಿ ಕೂತು ತನ್ನಷ್ಟಕ್ಕೆ ತಿರುಗುತ್ತದೆ. ನಾವು ಅಂಗೈಯನ್ನು ಮೇಲಕ್ಕೂ ಕೆಳಕ್ಕೂ ಹೊರಳಿಸುವುದು ಇದರಿಂದ.

ಇಷ್ಟು ಗೊತ್ತಿದ್ದರೆ ಸ್ನಾಯುಗಳನ್ನು ಉರುಹೊಡೆಯಬೇಕಿಲ್ಲ. ತೋಳಿನ ಮುಂಭಾಗದಲ್ಲಿ ಉಬ್ಬುವ ಸ್ನಾಯು ಬೈಸೆಪ್ಸ್. ಅದರ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಸೇರಿಸುವ ಹುರಿ) ಅಂಟಿರುವುದು ತಿರುಗುವ ಮೂಳೆಗೆ, ಅಂದರೆ ರೇಡಿಯಸ್‌ಗೆ. ಹಾಗಾಗಿ ಅದು ಕೈಯನ್ನು ಮಡಚುವುದಲ್ಲದೆ ಅಂಗೈಯನ್ನು ಮೇಲಕ್ಕೂ ಹೊರಳಿಸುತ್ತದೆ. ಮೊಣಕೈಯನ್ನು 90 ಡಿಗ್ರಿ ಮಡಚಿ, ಬೈಸೆಪ್ಸ್ ಮೇಲೆ ಇನ್ನೊಂದು ಕೈ ಇಟ್ಟು, ಅಂಗೈಯನ್ನು ಕೆಳಗಿನಿಂದ ಮೇಲಕ್ಕೆ ಬಿಗಿಯಾಗಿ ಹೊರಳಿಸಿ. ಮೊಣಕೈ ಅಲುಗದಿದ್ದರೂ ಸ್ನಾಯು ಉಬ್ಬುವುದು ಕೈಗೆ ತಿಳಿಯುತ್ತದೆ. ಅದರಡಿಯ ಬ್ರೇಕಿಯಾಲಿಸ್ ಅಂಟಿರುವುದು ಅಲ್ನಾಗೆ. ಅಲ್ನಾ ಹಾಗೆ ತಿರುಗುವುದಿಲ್ಲ, ಆದ್ದರಿಂದ ಅಂಗೈ ಯಾವ ಕಡೆಗಿದ್ದರೂ ಬ್ರೇಕಿಯಾಲಿಸ್ ಮಡಚುತ್ತಲೇ ಇರುತ್ತದೆ. ಕೈ ಮಡಚುವ ಮುಖ್ಯ ಸ್ನಾಯು ಇದೇ. ಹೆಸರು ಮಾತ್ರ ಬೈಸೆಪ್ಸ್‌ಗೆ ಹೋಗುತ್ತದೆ!

ಸ್ನಾಯು ಎಳೆಯಬಲ್ಲದು, ತಳ್ಳಲಾರದು. ನೀಟಲು ತೋಳಿನ ಹಿಂಭಾಗದ ಸ್ನಾಯು ಟ್ರೈಸೆಪ್ಸ್ ಬೇಕು. ಬೈಸೆಪ್ಸ್‌ಗೆ ‘ಎಳೆ’ ಎಂಬ ಸಂದೇಶ ಹೋಗುವಾಗ ಟ್ರೈಸೆಪ್ಸ್ ಅಡ್ಡಿಯಾಗದಂತೆ ಬೆನ್ನುಹುರಿಯ ಒಳಗಿನ ನರಕೋಶಗಳೇ ಅದನ್ನು ಸಡಿಲಿಸುತ್ತವೆ.

ಎಳೆತ ಹುಟ್ಟುವ ಬಗೆ: ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ಸಂದೇಶವಾಹಕ ರಾಸಾಯನಿಕ ಹೊರಬೀಳುತ್ತದೆ, ಸ್ನಾಯುತಂತುವಿನಲ್ಲಿ ವಿದ್ಯುತ್ ಅಲೆ ಹರಿಯುತ್ತದೆ, ಒಳಗಿನ ಸಂಗ್ರಹದಿಂದ ಕ್ಯಾಲ್ಸಿಯಂ ಬಿಡುಗಡೆಯಾಗುತ್ತದೆ. ಸ್ನಾಯುತಂತುವಿನೊಳಗೆ ಆಕ್ಟಿನ್, ಮಯೋಸಿನ್ ಎಂಬ ಪ್ರೋಟೀನ್‌ಗಳ ಎರಡು ಬಗೆಯ ಎಳೆಗಳಿವೆ; ಆಕ್ಟಿನ್ ಎಳೆಯ ಮೇಲೆ ಟ್ರೋಪೋನಿನ್, ಟ್ರೋಪೋಮಯೋಸಿನ್ ಎಂಬ ಕಾವಲು ಪ್ರೋಟೀನ್‌ಗಳಿವೆ. ಕ್ಯಾಲ್ಸಿಯಂ ಟ್ರೋಪೋನಿನ್‌ಗೆ ಅಂಟಿದಾಗ ಟ್ರೋಪೋಮಯೋಸಿನ್ ಸರಿದು ಆಕ್ಟಿನ್ ಮೇಲೆ ಜಾಗ ತೆರೆಯುತ್ತದೆ. ಮಯೋಸಿನ್ ತಲೆಗಳು ಅಲ್ಲಿ ಹಿಡಿದು ಎಳೆಯುತ್ತವೆ. ಎಳೆಗಳು ಕುಗ್ಗುವುದಿಲ್ಲ, ಒಂದರ ಮೇಲೊಂದು ಜಾರುತ್ತವೆ. 1954ರಲ್ಲಿ ಎರಡು ತಂಡಗಳು ಪ್ರತ್ಯೇಕವಾಗಿ ಇದನ್ನು ಪ್ರಕಟಿಸಿದವು. ಪರೀಕ್ಷೆಯಲ್ಲಿ ಹೆಚ್ಚು ಮಂದಿ ಎಡವುವುದು ಮುಂದಿನ ಹೆಜ್ಜೆಯಲ್ಲಿ: ಮಯೋಸಿನ್ ಹಿಡಿತ ಬಿಡಲು ಹೊಸ ಎಟಿಪಿ (ಜೀವಕೋಶಕ್ಕೆ ಶಕ್ತಿ ಕೊಡುವ ಅಣು) ಬೇಕು. ಸತ್ತ ಮೇಲೆ ಎಟಿಪಿ ಮುಗಿಯುತ್ತದೆ, ಹಿಡಿತ ಬಿಡುವುದಿಲ್ಲ, ದೇಹ ಸೆಟೆದುಕೊಳ್ಳುತ್ತದೆ.

ಇನ್ನು ನರಗಳು. ಮೊಣಕೈಯ ಒಳಬದಿ ಗೋಡೆಗೆ ತಗುಲಿ ಜುಮ್ಮೆಂದದ್ದು ಎಲ್ಲರಿಗೂ ನೆನಪಿರುತ್ತದೆ. ಪೆಟ್ಟು ಬಿದ್ದದ್ದು ಅಲ್ನರ್ ನರಕ್ಕೆ. ಅದು ಒಳಗಿನ ಎಪಿಕಾಂಡೈಲ್‌ನ ಹಿಂದೆ, ಚರ್ಮಕ್ಕೂ ಮೂಳೆಗೂ ನಡುವೆ ಸ್ನಾಯುವಿನ ಮೆತ್ತೆಯಿಲ್ಲದೆ ಹಾದುಹೋಗುತ್ತದೆ. ಜುಮ್ಮೆನ್ನುವಿಕೆ ಕಿರುಬೆರಳಿಗೂ ಉಂಗುರ ಬೆರಳಿನಲ್ಲಿ ಕಿರುಬೆರಳಿನ ಕಡೆಯ ಬದಿಗೂ ಹರಿಯುವುದನ್ನು ಗಮನಿಸಿ. ಆ ನರದ ನಕ್ಷೆಯನ್ನು ನಿಮ್ಮ ಕೈಯೇ ಬರೆದು ತೋರಿಸುತ್ತದೆ.

ಬೈಸೆಪ್ಸ್‌ಗೆ ಮಸ್ಕ್ಯುಲೋಕ್ಯುಟೇನಿಯಸ್ ನರ, ಟ್ರೈಸೆಪ್ಸ್‌ಗೆ ರೇಡಿಯಲ್ ನರ. ರೇಡಿಯಲ್ ನರ ಹ್ಯೂಮರಸ್‌ನ ಹಿಂಭಾಗವನ್ನು ತಾಗಿಕೊಂಡೇ ಸುತ್ತಿ ಇಳಿಯುತ್ತದೆ. ತೋಳಿನ ಮೂಳೆ ನಡುವೆ ಮುರಿದು ಈ ನರಕ್ಕೆ ಪೆಟ್ಟಾದವರ ಮಣಿಕಟ್ಟು ಜೋತುಬೀಳುತ್ತದೆ, ಬೆರಳು ಮೇಲೆತ್ತಲಾಗುವುದಿಲ್ಲ. ಆದರೂ ಮೊಣಕೈಯನ್ನು ಅವರು ಸಾಮಾನ್ಯವಾಗಿ ನೀಟಬಲ್ಲರು. ಟ್ರೈಸೆಪ್ಸ್‌ಗೆ ಹೋಗುವ ಕವಲುಗಳಲ್ಲಿ ಹೆಚ್ಚಿನವು ಮುರಿದ ಜಾಗಕ್ಕಿಂತ ಮೇಲೆಯೇ ಹೊರಟುಬಿಟ್ಟಿರುತ್ತವೆ.