ಹೇಳಿದ್ದೊಂದು, ಬರೆದದ್ದೊಂದು: ಪೊಲೀಸ್ ದೂರಿನ ಹಳೇ ತಕರಾರು

‘ಬಸ್ ಇಳಿದು ನಡ್ಕೊಂಡು ಹೋಗ್ತಿದ್ದೆ ಸಾರ್. ಬೈಕಲ್ಲಿ ಇಬ್ರು ಬಂದ್ರು. ಹಿಂದೆ ಕೂತಿದ್ದೋನು ಸರ ಕಿತ್ಕೊಂಡ. ಕೈಮೇಲೆ ಹಚ್ಚೆ ಇತ್ತು.’ ಸರ ಕಳೆದುಕೊಂಡ ಹೆಂಗಸು ಠಾಣೆಯಲ್ಲಿ ಹೀಗೆ ಹೇಳಿದರು ಅಂದುಕೊಳ್ಳಿ. ಸ್ಟೇಷನ್ ರೈಟರ್ ಬರೆಯುವುದು ಹೀಗೆ: ‘ನಾನು ನಡೆದುಕೊಂಡು ಹೋಗುತ್ತಿರುವಾಗ್ಗೆ ಯಾರೋ ಇಬ್ಬರು ಅಪರಿಚಿತರು ದ್ವಿಚಕ್ರ ವಾಹನದಲ್ಲಿ ಬಂದು, ನನ್ನ ಕೊರಳಲ್ಲಿದ್ದ ಬಂಗಾರದ ಸರವನ್ನು ಕಿತ್ತುಕೊಂಡು ಪರಾರಿಯಾಗಿರುತ್ತಾರೆ.’

ಹಚ್ಚೆ ಎಲ್ಲಿ ಹೋಯಿತು? ಮುಂದೆ ಕೋರ್ಟಿನಲ್ಲಿ ಆಕೆ ಅದನ್ನು ಹೇಳಿದರೆ ಆರೋಪಿ ಕಡೆ ವಕೀಲರು ಬಿಡುತ್ತಾರಾ? ‘ಪೊಲೀಸರ ಮುಂದೆ ಈ ಮಾತು ಹೇಳೇ ಇಲ್ಲವಲ್ಲಮ್ಮ’ ಅನ್ನುತ್ತಾರೆ. ಎಫ್‌ಐಆರ್‌ನಲ್ಲಿ ಎಲ್ಲಾ ವಿವರ ಇರಲೇಬೇಕು ಅಂತೇನಿಲ್ಲ, ಕೋರ್ಟುಗಳೇ ಎಷ್ಟೋ ಸಲ ಹಾಗೆ ಹೇಳಿವೆ. ಆದರೂ ಮುಖ್ಯ ವಿಷಯ ಬಿಟ್ಟುಹೋಗಿದ್ದರೆ ಸಾಕ್ಷಿಯ ಮೇಲೆ ಅನುಮಾನ ಬರುತ್ತದೆ.

ಪೊಲೀಸರ ಬರವಣಿಗೆ ಮೇಲಿನ ಅಪನಂಬಿಕೆ ಇವತ್ತಿನದಲ್ಲ. ಬಾಯಿಮಾತಿನ ದೂರನ್ನು ಬರೆದುಕೊಳ್ಳಬೇಕು, ಓದಿ ಹೇಳಬೇಕು, ಸಹಿ ಪಡೆಯಬೇಕು ಎನ್ನುವ ನಿಯಮ ಬ್ರಿಟಿಷರ ಕಾಲದ್ದು. 1898ರ ದಂಡ ಪ್ರಕ್ರಿಯಾ ಸಂಹಿತೆಯ, ಅಂದರೆ ಅಪರಾಧ ಪ್ರಕರಣಗಳ ತನಿಖೆ, ವಿಚಾರಣೆ ಹೇಗೆ ನಡೆಯಬೇಕೆಂದು ಹೇಳುವ ಕಾನೂನಿನ, 154ನೇ ಸೆಕ್ಷನ್‌ನಲ್ಲಿ ಇದಿತ್ತು. ಆದರೆ ಬರೆಸಿದ ಅದೇ ಬ್ರಿಟಿಷರು, ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಕೋರ್ಟಿನಲ್ಲಿ ಆರೋಪಿಯ ವಿರುದ್ಧ ಬಳಸುವಂತಿಲ್ಲ ಎಂದು 1872ರ ಸಾಕ್ಷ್ಯ ಕಾಯ್ದೆಯಲ್ಲಿ ಹಾಕಿದರು. ತನಿಖೆ ವೇಳೆ ಸಾಕ್ಷಿಗಳು ಕೊಡುವ ಹೇಳಿಕೆಗೆ ಸಹಿಯನ್ನೇ ಹಾಕಿಸಬಾರದು ಎಂಬ ನಿಯಮವೂ ಇದೆ. ಪೊಲೀಸರು ತಮಗೆ ಬೇಕಾದ ಹಾಗೆ ಬರೆದು, ಆಮೇಲೆ ಅದಕ್ಕೇ ಸಾಕ್ಷಿಯನ್ನು ಕಟ್ಟಿಹಾಕಬಾರದು ಅನ್ನೋದೇ ಇದರ ಹಿಂದಿನ ಯೋಚನೆ.

1973ರ ಹೊಸ ಸಂಹಿತೆ ದೂರಿನ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು ಎಂದಿತು. ನನ್ನ ಮಟ್ಟಿಗೆ ಇದು ದೊಡ್ಡ ಬದಲಾವಣೆ. ಮನೆಗೆ ಹೋಗಿ ನಿಧಾನವಾಗಿ ಓದಬಹುದು ಅಲ್ವಾ? 2013ರ ತಿದ್ದುಪಡಿ ಇನ್ನೊಂದು ಹೆಜ್ಜೆ. ಲೈಂಗಿಕ ಅಪರಾಧಕ್ಕೆ ಒಳಗಾದ ಹೆಣ್ಣುಮಗಳ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಆಕೆ ಅಂಗವಿಕಲೆಯಾದರೆ ದುಭಾಷಿ ಅಥವಾ ವಿಶೇಷ ಶಿಕ್ಷಕರನ್ನು ಕರೆಸಬೇಕು, ವಿಡಿಯೊ ಮಾಡಬೇಕು.

ಭಾಷೆಯ ತೊಡಕು ಅಂಗವಿಕಲರಿಗೆ ಮಾತ್ರವೇ? ಮಂಗಳೂರಿನಲ್ಲಿ ತುಳು ಅಥವಾ ಬ್ಯಾರಿಯಲ್ಲಿ ಹೇಳಿದ್ದು ಕನ್ನಡದಲ್ಲಿ ದಾಖಲಾಗುತ್ತದೆ. ಬೆಂಗಳೂರಿನಲ್ಲಿ ಒಡಿಶಾದ ಕೂಲಿ ಕಾರ್ಮಿಕ ಅರೆಬರೆ ಹಿಂದಿಯಲ್ಲಿ ಹೇಳಿದ್ದೂ ಅಷ್ಟೇ. ಕೊನೆಯಲ್ಲಿ ‘ಓದಿ ಹೇಳಲಾಗಿ ಕೇಳಿದೆ, ಸರಿ ಇದೆ’ ಎಂಬ ಸಾಲು ಮಾತ್ರ ತಪ್ಪದು. ಹಾಗಂತ ರೈಟರನ್ನೇ ದೂರುವುದು ಸರಿಯಲ್ಲ. ಸೆಕ್ಷನ್‌ಗೆ ಹೊಂದುವ ಹಾಗೆ ಬರೆಯದಿದ್ದರೆ ಬೈಸಿಕೊಳ್ಳುವವರು ಅವರೇ.

1973ರ ಸಂಹಿತೆಯ ಜಾಗಕ್ಕೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಆನ್‌ಲೈನ್ ಮೂಲಕವೂ ದೂರು ಕಳಿಸಬಹುದು. 3 ದಿನದೊಳಗೆ ಸಹಿ ಹಾಕಿದರಾಯಿತು. ಹೀಗೆ ಕಳಿಸುವವರ ಮಾತು ಮೊದಲು ಅವರದೇ ವಾಕ್ಯದಲ್ಲಿ ಠಾಣೆ ಸೇರುತ್ತದೆ. ಆದರೆ ಸಾಕ್ಷಿ ಹೇಳಿಕೆಗಳನ್ನು ಆಡಿಯೊ, ವಿಡಿಯೊದಲ್ಲಿ ರೆಕಾರ್ಡ್ ಮಾಡುವುದು ಈಗಲೂ ಬಹುಪಾಲು ತನಿಖಾಧಿಕಾರಿಯ ಇಷ್ಟಕ್ಕೇ ಬಿಟ್ಟ ವಿಷಯ.